ಮೂತಿಯ ಮೇಲೊಂದು ಹಡಗು

ದ್ವಾರಕಾ ನಗರದಲ್ಲಿ ನಮ್ಮ ಮನೆಗೆ ಎರಡು ಓಣಿಯಾಚೆ ಕನ್ನಡಿಗ ಹಿರಿಯರೊಬ್ಬರಿದ್ದಾರೆ. ಹೆಸರು ಬರೆಯಕೂಡದೆಂದು ಮಾತು ತೆಗೆದುಕೊಂಡಿರುವುದರಿಂದ ರಾಯರು ಎಂದಷ್ಟೇ ಕರೆಯುತ್ತೇನೆ. ಇಲ್ಲಿಯ ಹಡಗು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ನಡುಮನೆಯ ಗಾಜಿನ ಬೀರುವಿನಲ್ಲಿ ಗೇಣುದ್ದದ ಲೋಹದ ಹಡಗೊಂದಿದೆ; ಹಾಯಿ ಬಿಚ್ಚಿದ ಹಳೆಯ ಕಾಲದ ಹಡಗು. ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟ ಕಾಣಿಕೆಯಿರಬೇಕೆಂದು ನಾನು ತಿಳಿದಿದ್ದೆ. ಕಳೆದ ದೀಪಾವಳಿಯ ಸಂಜೆ ಕಾಫಿ ಕುಡಿಯುತ್ತ ಹಾಗೆಂದೂಬಿಟ್ಟೆ.

ರಾಯರು ನಕ್ಕರು. "ಅದು ಹಡಗಲ್ಲಪ್ಪ, ಕಾರು" ಎಂದರು.

ಪ್ಲೈಮೌತ್ ಕಾರಿನ ಬಾನೆಟ್ಟಿನ ತುದಿಯಲ್ಲಿ ಕೂರುವ ಹಡಗು ಅದು. 1620ರಲ್ಲಿ ನೂರು ಚಿಲ್ಲರೆ ಜನ ಇಂಗ್ಲೆಂಡಿನಿಂದ ಸಂಸಾರ ಕಟ್ಟಿಕೊಂಡು 'ಮೇಫ್ಲವರ್' ಎಂಬ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಅವರು ನೆಲೆನಿಂತ ಊರು ಪ್ಲೈಮೌತ್. 1928ರಲ್ಲಿ ಕ್ರೈಸ್ಲರ್ ಕಂಪನಿ, ಫೋರ್ಡ್ ಮತ್ತು ಷೆವರ್ಲೆಗಳಿಗೆ ಎದುರಾಗಿ ಕಡಿಮೆ ಬೆಲೆಯ ಕಾರೊಂದನ್ನು ಹೊರಡಿಸಿದಾಗ ಅದಕ್ಕೆ ಆ ಊರಿನ ಹೆಸರನ್ನಿಟ್ಟು, ಆ ಹಡಗನ್ನೇ ಗುರುತಾಗಿಸಿತು. ಅಮೆರಿಕದಲ್ಲಿ ಅದು ನನ್ನಂಥ ಗುಮಾಸ್ತ ಕಂತಿನ ಮೇಲೆ ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಭಾನುವಾರ ಹೊರಡುವ ಕಾರು. ಸಮುದ್ರ ದಾಟಿ ನಮ್ಮಲ್ಲಿಗೆ ಬಂದಾಗ ಅದೇ ಕಾರು ತೋಟದ ಸಾಹುಕಾರರದೂ ವಕೀಲರದೂ ಆಯಿತು. ನಮ್ಮ ಗುಮಾಸ್ತರು ಅದರ ಧೂಳು ಕುಡಿದರು.

ಈ ಕಾರಿನ ಕಥೆಯಲ್ಲಿ ಕನ್ನಡಿಗರಿಗೂ ನಮ್ಮ ವಿಶಾಖಪಟ್ಟಣಕ್ಕೂ ಒಂದು ಪಾಲಿದೆ. ಕಾರುಗಳನ್ನು ನಮ್ಮ ದೇಶದಲ್ಲೇ ತಯಾರಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕಾರ್ಖಾನೆ ಮೊದಲು ಮುಂಬಯಿಯಲ್ಲಿ ಆಗಬೇಕೆಂದಿತ್ತು, ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ. ಯುದ್ಧದ ಕಾಲ, ದೆಹಲಿಯ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲಚಂದ್ ಹೀರಾಚಂದರು ಮಾತ್ರ ಹಟ ಬಿಡಲಿಲ್ಲ. 1940ರ ಡಿಸೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. ಆರು ತಿಂಗಳಲ್ಲಿ, 1941ರ ಜೂನ್ 21ರಂದು, ಬಾಬು ರಾಜೇಂದ್ರ ಪ್ರಸಾದರಿಂದ ಇಲ್ಲಿ ಹಡಗು ಕಾರ್ಖಾನೆಗೆ ತಳಪಾಯ ಹಾಕಿಸಿದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಹುಟ್ಟಿತು. ಕ್ರೈಸ್ಲರ್ ಕಂಪನಿಯ ಒಪ್ಪಂದದಿಂದ 1947ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಗಾಡಿಗಳು ಹೊರಬರತೊಡಗಿದವು. ಮರುವರ್ಷ ಇಲ್ಲಿ 'ಜಲ ಉಷಾ' ನೀರಿಗಿಳಿಯಿತು. ವಿಮಾನ, ಹಡಗು, ಕಾರು. ಮೂರೂ ಒಬ್ಬನೇ ಮನುಷ್ಯನ ತಲೆಯಿಂದ ಏಳೆಂಟು ವರ್ಷಗಳೊಳಗೆ ಬಂದವು. ಕಾರೂ ಬೆಂಗಳೂರಿಗೇ ಬಂದಿದ್ದರೆ ನಮ್ಮಲ್ಲಿ ಎಷ್ಟು ಜನ ಊರು ಬಿಡುವುದು ತಪ್ಪುತ್ತಿತ್ತೋ!

ಕುರ್ಲಾದಿಂದ ಬಂದ ಡಾಜ್, ಡಿ ಸೋಟೊ, ಪ್ಲೈಮೌತ್‌ಗಳು ಒಳಗೆ ಹೆಚ್ಚುಕಡಿಮೆ ಒಂದೇ ಕಾರು. ಡಾಜ್‌ನ ಮೂತಿಯ ಮೇಲೆ ಟಗರು, ಪ್ಲೈಮೌತ್‌ನ ಮೇಲೆ ಹಡಗು. ಒಂದೇ ಹಿಟ್ಟಿನ ಮೂರು ತಿಂಡಿ ಎನ್ನೋಣ.

ರಾಯರ ತಂದೆ ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದವರು. 1951ರ ಪ್ಲೈಮೌತ್ ಒಂದನ್ನು ಕಾಫಿ ತೋಟದವರೊಬ್ಬರಿಂದ ಹಳೆಯದಾಗಿಯೇ ಕೊಂಡರಂತೆ. ಆರು ಸಿಲಿಂಡರಿನ, ಸುಮಾರು 3.6 ಲೀಟರಿನ ಎಂಜಿನು. ಅದಕ್ಕೆ ವೇಗದ ಹುಚ್ಚಿರಲಿಲ್ಲ. ನಿಧಾನವಾಗಿ ಹೋಗುವಾಗ ಎಳೆಯುವ ಬಲ ಮಾತ್ರ ಆನೆಯದು. ಗಿಯರಿನ ಕೋಲು ಸ್ಟಿಯರಿಂಗಿನ ಕೊರಳಿನಲ್ಲಿದ್ದುದರಿಂದ ಮುಂದಿನ ಸೀಟು ಒಂದೇ ಹಾಸುಮಂಚ. ಮೂವರ ಜಾಗದಲ್ಲಿ ಐವರು ಕೂರುತ್ತಿದ್ದರು. ಹಿಂದೆ ಎಷ್ಟು ಜನ ಎಂಬುದು ಮದುವೆಯ ದಿಬ್ಬಣವೋ ತಿಥಿಯ ಊಟವೋ ಎಂಬುದರ ಮೇಲೆ ಹೋಗುತ್ತಿತ್ತು. ಡಿಕ್ಕಿಯಲ್ಲಿ ಅಡಿಕೆಯ ಮೂಟೆ. ಹೆರಿಗೆ ಕಷ್ಟವಾದರೆ, ಹಾವು ಕಡಿದರೆ, ರಾತ್ರಿ ಎಷ್ಟೇ ಹೊತ್ತಾಗಲಿ, ಜನ ಬಂದು ಎಬ್ಬಿಸುತ್ತಿದ್ದುದು ಈ ಮನೆಯ ಬಾಗಿಲನ್ನೇ. ಆಗುಂಬೆಯ ತಿರುವುಗಳನ್ನಿಳಿದು ಮಣಿಪಾಲದ ಆಸ್ಪತ್ರೆಗೆ ಹೋಗುವುದು. ಬರುವಾಗ ಘಾಟಿಯ ನಡುವೆ ರೇಡಿಯೇಟರು ಕುದಿದರೆ ತೊರೆಯ ನೀರು ಹೊಯ್ದು, ಆರುವವರೆಗೆ ಎಲ್ಲರೂ ಮೋಟುಗೋಡೆಯ ಮೇಲೆ ಕೂತು ಎಲೆಯಡಿಕೆ ಹಾಕುವುದು.

ಕಾರು ತೊಳೆಯಲು ಒಬ್ಬ ಕ್ಲೀನರು ಹುಡುಗನಿದ್ದ, ಹದಿನೈದರ ಪ್ರಾಯ. ದಿನವೂ ಬೆಳಗ್ಗೆ ವಿಭೂತಿಯ ಪುಡಿಯಿಂದ ಆ ಹಡಗನ್ನು ತಿಕ್ಕಿ ಬೆಳಗುತ್ತಿದ್ದ. ರಾಯರಿಗೆ ಆಗ ಹನ್ನೆರಡು.

1973ರ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧ ಹತ್ತಿ, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕರಷ್ಟಾಯಿತು. ಲೀಟರಿಗೆ ಆರೇಳು ಕಿಲೋಮೀಟರು ಹೋಗುವ ಕಾರನ್ನು ಸಾಕುವುದು ಹೇಗೆ? 1974ರ ಮಾರ್ಚಿನಲ್ಲಿ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು; ಗೇಣಿಯ ಗದ್ದೆಗಳು ಉಳುವವರಿಗೆ ಸೇರಿದವು. "ಅದು ನ್ಯಾಯವೇ" ಎನ್ನುತ್ತಾರೆ ರಾಯರು. "ಆದರೆ ಕಾರಿನ ಹೊಟ್ಟೆ ನ್ಯಾಯ ಕೇಳುತ್ತದೆಯೇ?" ಆ ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದವರೊಬ್ಬರು ಬಂದು ಮುಂಗಡ ಕೊಟ್ಟರು. ಡೀಸೆಲ್ ಎಂಜಿನು ಹಾಕಿಸಿ ಬಾಡಿಗೆಗೆ ಬಿಡುವ ಆಲೋಚನೆ. ಆಗ ಎಷ್ಟೋ ದೊಡ್ಡ ಕಾರುಗಳ ಗತಿ ಅದೇ ಆಯಿತು.

ಕೊಂಡವರು ಕಾರು ಒಯ್ಯಲು ಬರುವ ಹಿಂದಿನ ರಾತ್ರಿ ರಾಯರು ಬಾನೆಟ್ಟು ಎತ್ತಿ, ಒಳಗಿನ ನಟ್ಟು ಬಿಚ್ಚಿ, ಹಡಗನ್ನು ಭತ್ತದ ಕಣಜದಲ್ಲಿ ಹುದುಗಿಸಿಟ್ಟರು. ಬೆಳಗ್ಗೆ ನೋಡಿದರೆ ಕಾರಿಗೆ ಮೂಗಿಲ್ಲ. ತಂದೆ ಮಾತಿನ ಮನುಷ್ಯ. ತಲೆ ತಗ್ಗಿಸಿ ಐವತ್ತು ರೂಪಾಯಿ ಬಿಟ್ಟುಕೊಟ್ಟರು. ಆಮೇಲೆ ಕ್ಲೀನರನನ್ನು ಕರೆದರು. "ಎಲ್ಲಿಟ್ಟೆಯೋ?" ಹುಡುಗ "ನಾನಲ್ಲ ಅಯ್ಯಾ" ಎಂದ. ಎರಡು ಏಟು ಬಿತ್ತು. ಅವತ್ತೇ ಅವನನ್ನು ಮನೆಗೆ ಕಳಿಸಿದರು.

"ನಾನು ಕಂಬದ ಮರೆಯಲ್ಲೇ ಇದ್ದೆ" ಎಂದರು ರಾಯರು. "ಬಾಯಿ ಬಿಡಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಬಿಡಲಿಲ್ಲ."

ಅವರ ಮನೆಯವರೂ ಈ ಮಾತನ್ನು ಅಂದೇ ಮೊದಲು ಕೇಳಿದ್ದು. ಲೋಟ ತೆಗೆಯಲು ಬಂದವರು ಹಾಗೆಯೇ ನಿಂತುಬಿಟ್ಟರು.

ನನ್ನ ಹೆಂಡತಿಯ ತವರು ತೀರ್ಥಹಳ್ಳಿಯ ಕಡೆಯೇ. ಎಳ್ಳಮಾವಾಸ್ಯೆಯ ಜಾತ್ರೆಗೆ ಹೋದಾಗ ವಿಚಾರಿಸಿ ಬಾ ಎಂದು ರಾಯರು ಹೇಳಿದ್ದರು. ಅಂಥದೇನೂ ಕಷ್ಟವಾಗಲಿಲ್ಲ. ಆ ಹುಡುಗ ಈಗ ಅರವತ್ತಾರರ ಮುದುಕ. ಮಗನ ರಿಪೇರಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೇಗೆ ಮಾತು ತೆಗೆಯುವುದೋ ತಿಳಿಯದೆ, ಪ್ಲೈಮೌತ್ ಎಂದಷ್ಟೇ ಅಂದೆ.

"ಹಡಗು ಸಣ್ಣಯ್ಯನ ಹತ್ರ ಇದ್ಯಾ?" ಎಂದು ಅವರೇ ಕೇಳಿದರು.

ನಾನು ಬೆಪ್ಪಾದೆ.

"ಸ್ಪ್ಯಾನರು ಕೇಳಿ ತಗೊಂಡು ಹೋಗಿದ್ದು ನನ್ನ ಹತ್ರಾನೇ ಮಾರಾಯ್ರೆ. ಸೈಕಲ್ಲಿಗೆ ಬೇಕು ಅಂದಿದ್ರು. ಸಣ್ಣಯ್ಯಂಗೆ ಏಟು ಬೀಳ್ತದೆ ಅಂತ ಹೇಳ್ಲಿಲ್ಲ. ಕಾರೇ ಹೋದ ಮೇಲೆ ಕ್ಲೀನರು ಯಾಕೆ, ಕೆಲಸ ಹೆಂಗೂ ಹೋಗ್ತಿತ್ತು." ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಆದ್ರೆ ಕಳ್ಳ ಅನ್ನೋ ಹೆಸರು ಬಂತಲ್ಲ, ಎರಡು ವರ್ಷ ಈ ಊರಲ್ಲಿ ಯಾರೂ ಗಾಡಿ ಮುಟ್ಟಿಸ್ಲಿಲ್ಲ. ಶಿವಮೊಗ್ಗಕ್ಕೆ ಹೋಗ್ಬೇಕಾಯ್ತು. ಅವ್ವ ಇಲ್ಲೇ ಒಬ್ಳೇ ಇದ್ಲು."

ಬಳಿಕ ಹಿಂದಿನ ಹಾಯಿಯ ತುದಿ ಸ್ವಲ್ಪ ಬಾಗಿತ್ತು, ಈಗಲೂ ಹಾಗೇ ಇದೆಯೇ ಎಂದು ಕೇಳಿದರು. ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಊರಿಗೆ ಬಂದು ಎಲ್ಲವನ್ನೂ, ಎರಡು ವರ್ಷದ ಮಾತನ್ನೂ ಬಿಡದೆ, ರಾಯರಿಗೆ ಹೇಳಿದೆ. ಅವರು ಬೀರುವಿನ ಬೀಗ ತೆಗೆದು ಹಡಗನ್ನು ಕೈಗೆತ್ತಿಕೊಂಡರು. ಬಾಗು ಇತ್ತು. ಅಂಚೆಯಲ್ಲಿ ಕಳಿಸೋಣವೇ ಎಂದೆ. ಬೇಡವೆಂದು ತಲೆಯಾಡಿಸಿದರು. ಬರುವ ತಿಂಗಳು ಪ್ರಶಾಂತಿ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರಿನವರೆಗೆ ಅವರಿಗೂ ಅವರ ಮನೆಯವರಿಗೂ ನಾನೇ ಟಿಕೇಟು ತೆಗೆಸಿಕೊಟ್ಟಿದ್ದೇನೆ.