ಮೀಥೇನಿನ ಲೆಕ್ಕ ಯಾರ ಖಾತೆಗೆ?

ಇಂದು ಗಾಳಿಯ ಪ್ರತಿ ನೂರು ಕೋಟಿ ಅಣುಗಳಲ್ಲಿ 1,900ಕ್ಕೂ ಹೆಚ್ಚು ಮೀಥೇನ್ ಅಣುಗಳಿವೆ. ಕೈಗಾರಿಕಾ ಯುಗಕ್ಕೆ ಮೊದಲು ಅವು 700ರ ಆಸುಪಾಸಿನಲ್ಲಿದ್ದವು ಎನ್ನುವುದಕ್ಕೆ ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಗುಳ್ಳೆಗಳೇ ಸಾಕ್ಷಿ. ಭೂಮಿ ಈವರೆಗೆ ಬಿಸಿಯಾದದ್ದರಲ್ಲಿ ಸುಮಾರು ಅರ್ಧ ಡಿಗ್ರಿ ಈ ಅನಿಲದ ಪಾಲು. ತಗ್ಗಿಸಬೇಕು ಎಂಬುದರಲ್ಲಿ ತಕರಾರಿಲ್ಲ. ಯಾರು ಮೊದಲು, ಎಲ್ಲಿಂದ ಮೊದಲು ಎಂಬುದೇ ಪ್ರಶ್ನೆ.

ಲೆಕ್ಕದ ಪುಸ್ತಕದಲ್ಲಿ ಒಂದು ಟನ್ ಮೀಥೇನನ್ನು ಸುಮಾರು 28 ಟನ್ ಇಂಗಾಲದ ಡೈಆಕ್ಸೈಡ್ ಎಂದು ಬರೆದುಕೊಳ್ಳುತ್ತಾರೆ. ಇದು ನೂರು ವರ್ಷದ ಪರಿಣಾಮವನ್ನು ಹಿಡಿದ ಲೆಕ್ಕ. ಇಪ್ಪತ್ತೇ ವರ್ಷ ಹಿಡಿದರೆ ಅದೇ ಅಂಕಿ 80 ದಾಟುತ್ತದೆ. ಅವಧಿಯನ್ನು ನಾವು ಆರಿಸಿದಂತೆ ಅಂಕಿಯೂ ಬದಲಾಗುತ್ತದೆ. ಇಂಥ ಒಂದೇ ಅಂಕಿಯನ್ನು ಹಿಡಿದು, ಎರಡು ಎಮ್ಮೆ ಕಟ್ಟಿಕೊಂಡವರನ್ನೂ ಅನಿಲ ಕಂಪನಿಯನ್ನೂ ಅಕ್ಕಪಕ್ಕ ನಿಲ್ಲಿಸುವುದನ್ನು ನಾನು ಒಪ್ಪಲಾರೆ.

ಇಂಗಾಲ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಹುಲ್ಲು ಬೆಳೆಯುವುದು ಗಾಳಿಯ ಇಂಗಾಲವನ್ನು ಹೀರಿ. ಎಮ್ಮೆ ಅದನ್ನು ಮೇಯುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಲ್ಲೊಂದು ಪಾಲನ್ನು ಮೀಥೇನ್ ಮಾಡುತ್ತವೆ. ಮೆಲುಕು ಹಾಕುವಾಗ ತೇಗಿನ ಜೊತೆ ಅದು ಹೊರಬರುತ್ತದೆ. ಗಾಳಿಯಲ್ಲಿರುವ ಹೈಡ್ರಾಕ್ಸಿಲ್ ಎಂಬ ಚುರುಕು ಕಣ ಸುಮಾರು ಹತ್ತು ವರ್ಷಗಳಲ್ಲಿ ಅದನ್ನು ಒಡೆದು ಮತ್ತೆ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅದನ್ನು ಮುಂದಿನ ಹುಲ್ಲು ಹೀರುತ್ತದೆ. ಈ ಚಕ್ರಕ್ಕೆ ಹೊಸ ಇಂಗಾಲ ಸೇರುವುದಿಲ್ಲ. ಅನಿಲ ಕಂಪನಿಯ ಮೀಥೇನಿನ ಕತೆ ಬೇರೆ. 2015ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಬಳಿಯ ಅಲಿಸೊ ಕ್ಯಾನ್ಯನ್ ಅನಿಲ ಸಂಗ್ರಹಾಗಾರದ ಬಾವಿಯೊಂದು ಸೋರಿ, ನಾಲ್ಕು ತಿಂಗಳಲ್ಲಿ ಸುಮಾರು ಒಂದು ಲಕ್ಷ ಟನ್ ಮೀಥೇನ್ ಬಯಲಿಗೆ ಬಂತು. ಅದು ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ. ಮೀಥೇನ್ ಒಡೆದ ಮೇಲೂ ಆ ಇಂಗಾಲದ ಒಂದಂಶ ಸಾವಿರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಈ ಎರಡನ್ನೂ ಸಮ ಎನ್ನುವ ಲೆಕ್ಕ ಇಂಗಾಲದ ಚಕ್ರವನ್ನೇ ಮರೆತಿದೆ.

ಹಾಗೆಂದು ಎಮ್ಮೆಯನ್ನು ಲೆಕ್ಕದಿಂದಲೇ ಬಿಡುವಂತಿಲ್ಲ. ನನ್ನಂತೆ ವಾದಿಸುವವರು ಇಲ್ಲಿ ಬೇಗ ಮಾತು ಮುಗಿಸುತ್ತಾರೆ, ಅದು ಸರಿಯಲ್ಲ. ಒಡೆಯುವವರೆಗೆ ಎಲ್ಲ ಮೀಥೇನೂ ಒಂದೇ ತೆರನಾಗಿ ಶಾಖ ಹಿಡಿಯುತ್ತದೆ. ಜಗತ್ತಿನ ಜಾನುವಾರು, ಭತ್ತದ ಗದ್ದೆ, ಕಸದ ರಾಶಿ ಇನ್ನೂರು ವರ್ಷದ ಹಿಂದಿನಷ್ಟೇ ಉಳಿದಿಲ್ಲ. 2007ರಿಂದ ಮೀಥೇನ್ ಮತ್ತೆ ಏರುತ್ತಿದೆ. ಆ ಏರಿಕೆಯ ಜೊತೆಗೆ ಅದರಲ್ಲಿ ಇಂಗಾಲ-13 ಎಂಬ ತುಸು ಭಾರದ ಇಂಗಾಲದ ಪ್ರಮಾಣ ಇಳಿಯುತ್ತಿದೆ. ಸೂಕ್ಷ್ಮಜೀವಿಗಳು ಹುಟ್ಟಿಸುವ ಮೀಥೇನಿನಲ್ಲಿ ಅದು ಕಡಿಮೆ; ಆ ಮೀಥೇನ್ ಹೆಚ್ಚುತ್ತಿದೆ ಎಂಬುದರ ಗುರುತು ಇದು. ಉಷ್ಣವಲಯದ ಜೌಗು ನೆಲಗಳ ಪಾಲೂ ಅದರಲ್ಲಿದೆ, ಅವುಗಳಿಗೆ ಯಾವ ಒಪ್ಪಂದವೂ ಕಡಿವಾಣ ಹಾಕಲಾರದು. ಈ ಅನಿಲದ ಆಯುಸ್ಸು ಚಿಕ್ಕದು ಎಂಬುದೇ ನಮಗಿರುವ ಅವಕಾಶ: ಇಂದು ಕಡಿಮೆ ಮಾಡಿದರೆ ಅದರ ಫಲವನ್ನು ನಾವೇ ಕಾಣಬಹುದು.

ಬದುಕಿಗಾಗಿ ಹೊಮ್ಮುವ ಅನಿಲ ಬೇರೆ, ಭೋಗಕ್ಕಾಗಿ ಹೊಮ್ಮುವುದು ಬೇರೆ ಎಂದು ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ವಾದಿಸಿದ್ದರು. 2030ರೊಳಗೆ ಮೀಥೇನನ್ನು ಶೇ. 30ರಷ್ಟು ತಗ್ಗಿಸುವ 2021ರ ಗ್ಲಾಸ್ಗೊ ಪ್ರತಿಜ್ಞೆಗೆ ಭಾರತ ಸಹಿ ಹಾಕಲಿಲ್ಲ; ಅದರ ಹಿಂದಿರುವುದೂ ಇದೇ ತರ್ಕ. ತರ್ಕ ನ್ಯಾಯವಾದದ್ದೇ. ಆದರೆ ಅದು ದೆಹಲಿಯ ಗಾಜಿಪುರದ ಕಸದ ಗುಡ್ಡಕ್ಕೆ ಅನ್ವಯಿಸುವುದಿಲ್ಲ. ಹಸಿ ಕಸವನ್ನು ಬೇರ್ಪಡಿಸದೆ ರಾಶಿ ಹಾಕಿದರೆ ಯಾವ ಬಡವರ ಹೊಟ್ಟೆಯೂ ತುಂಬದು.

ಭತ್ತದ ಮಾತು ಇಷ್ಟು ಸರಳವಲ್ಲ. ಸದಾ ನೀರು ನಿಲ್ಲಿಸುವ ಬದಲು ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ಮತ್ತೆ ನೀರು ಹಾಯಿಸಿದರೆ, ಮಣ್ಣಿಗೆ ಆಮ್ಲಜನಕ ಇಳಿದು ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ನೀರೂ ಉಳಿಯುತ್ತದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು, ಮುಂದಿನ ಸರದಿಗೆ ನೀರು ಬಂದೀತೆಂಬ ನಂಬಿಕೆಯೇ ಇಲ್ಲದಾಗ, ಬಂದ ನೀರನ್ನು ಗದ್ದೆಯಲ್ಲಿ ಕಟ್ಟಿಕೊಳ್ಳದೆ ಬಿಟ್ಟಾರೆಯೇ? ಅವರ ಗದ್ದೆಯ ಮೀಥೇನಿಗೆ ಕಾರಣ ಕಾಲುವೆಯ ಮೇಲ್ಭಾಗದಲ್ಲೂ ಇದೆ. ಆದ್ದರಿಂದ ಮೀಥೇನ್ ತಗ್ಗಿಸಲು ತೆಗೆದಿಡುವ ಹಣದಿಂದ ಮೊದಲು ಉಪಕಾಲುವೆಗಳ ದುರಸ್ತಿಯಾಗಬೇಕು, ಸರದಿಯ ನೀರು ಹೇಳಿದ ದಿನಕ್ಕೆ ಕೊನೆಯ ಹೊಲ ತಲುಪಬೇಕು. ರೈತರಿಗೆ ತರಬೇತಿ ಕೊಡುವುದು ಆಮೇಲಿನ ಕೆಲಸ.