ಪೊಲೀಸಪ್ಪನಿಗಲ್ಲ, ವಿಮೆ ಕಂಪನಿಗೆ

ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. 2008ರ ಮೇ ತಿಂಗಳಲ್ಲಿ ಅಲ್ಲಿಂದ ವಿಮಾನ ಹಾರಲು ಶುರುವಾದಾಗ ನಮ್ಮ ಕಡೆಯ ಎಷ್ಟೋ ಹುಡುಗರ ಪಾಲಿಗೆ ಬಂದದ್ದು ಹಳದಿ ಬೋರ್ಡಿನ ಕಾರಿನ ಸ್ಟೀರಿಂಗು. ಬೇರೆಯವರ ಸೂಟ್‌ಕೇಸು ಎತ್ತಿಟ್ಟು, ಡಿಪಾರ್ಚರ್ ಬಾಗಿಲಲ್ಲಿ ಇಳಿಸಿ, ಮುಂದಿನ ಬಾಡಿಗೆಗೆ ಕಾಯುವ ಕೆಲಸ. ಈಗ ಅದೇ ಕಾರುಗಳ ಹಿಂದಿನ ಸೀಟಿನಲ್ಲಿ ನಮ್ಮೂರಿನವರೂ ಕೂರುತ್ತಿದ್ದಾರೆ. ನೂಲು ಬಿಚ್ಚಾಣಿಕೆ ಮಾಡಿಸುತ್ತಿದ್ದವರ ಮಗ ಐರ್ಲೆಂಡಿನಲ್ಲಿದ್ದರೆ ದ್ರಾಕ್ಷಿ ತೋಟದವರ ಮಗಳು ಟೆಕ್ಸಾಸಿನಲ್ಲಿ ಇರುತ್ತಾಳೆ. ‘ಅಮೆರಿಕದಲ್ಲಿ ಗೊರೂರು’ ಪ್ರವಾಸ ಕಥನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಆ ತಲೆಮಾರಿನ ಅಪ್ಪ-ಅಮ್ಮಂದಿರು ಹೊರದೇಶಕ್ಕೆ ಹೋದರೆ ಮಕ್ಕಳು ಬಿಡುವು ಮಾಡಿಕೊಂಡು ಕರೆದುಕೊಂಡು ಹೋದಲ್ಲಿಗೆ ಹೋಗಿ ಬರುತ್ತಿದ್ದರು. ಇವತ್ತಿನವರು ಹಾಗಲ್ಲ. “ನಿನಗೆ ರಜ ಇಲ್ಲದಿದ್ರೆ ಬಿಡಪ್ಪ, ನಾವೇ ಒಂದು ಕಾರು ಬಾಡಿಗೆಗೆ ತಗೊಂಡು ಸುತ್ತಾಡ್ಕೊಂಡು ಬರ್ತೀವಿ” ಅನ್ನುತ್ತಾರೆ.

ಹೊರಡುವ ಮೊದಲು ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: “ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಿದ್ರಾ?” ಲೈಸೆನ್ಸ್ ಅಂತ ನಾವು ಕರೆಯುವುದು ಐಡಿಪಿಯನ್ನು, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು. ಅದು ನಮ್ಮ ಡಿ.ಎಲ್. ಜೊತೆಗೆ ಇಟ್ಟುಕೊಳ್ಳಬೇಕಾದ ಪರವಾನಗಿ ಪುಸ್ತಕ, ಅದೊಂದನ್ನೇ ಹಿಡಿದುಕೊಂಡು ಹೋದರೆ ಬೆಲೆಯಿಲ್ಲ. ನಮಗೆ ಸೇರಿದ್ದು ದೇವನಹಳ್ಳಿಯ ಕೆಎ-43 ಆರ್‌ಟಿಒ ಕಚೇರಿ. ಸಾರಥಿ ಜಾಲತಾಣದಲ್ಲಿ ನಮೂನೆ 4ಎ ತುಂಬಿ, ಸಾವಿರ ರೂಪಾಯಿ ಶುಲ್ಕ ಕಟ್ಟಿ, ಪಾಸ್‌ಪೋರ್ಟು ಮತ್ತು ಡಿ.ಎಲ್. ತೋರಿಸಿದರೆ ಒಂದು ವರ್ಷಕ್ಕೆ ಸಿಗುತ್ತದೆ. ಹಿಂದೆ ವೈದ್ಯರ ಸರ್ಟಿಫಿಕೇಟು, ವೀಸಾ ಎಲ್ಲ ಕೇಳುತ್ತಿದ್ದರು. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಬದಲಿಸಿದಾಗ ಆ ಎರಡೂ ತಾಪತ್ರಯ ಹೋಯಿತು. ಹೊರದೇಶದಲ್ಲಿರುವಾಗಲೇ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ದಾರಿಯೂ ಆಗಲೇ ತೆರೆಯಿತು. ಒಂದೊಂದು ರಾಜ್ಯ ಒಂದೊಂದು ಅಳತೆ, ಒಂದೊಂದು ಬಣ್ಣದಲ್ಲಿ ಕೊಡುತ್ತಿದ್ದ ಪುಸ್ತಕಕ್ಕೆ 2022ರ ಆಗಸ್ಟಿನಲ್ಲಿ ದೇಶಕ್ಕೆಲ್ಲ ಒಂದೇ ರೂಪ ಬಂತು, ಕ್ಯೂಆರ್ ಕೋಡೂ ಸೇರಿತು. ಇಷ್ಟರ ಮಟ್ಟಿಗೆ ಸರ್ಕಾರದ ಕೆಲಸ ಮೆಚ್ಚತಕ್ಕದ್ದೇ.

ನನ್ನ ತಕರಾರು ಬೇರೆ. ಈ ಪುಸ್ತಕವನ್ನು ನಾವು ಮಾಡಿಸುವುದು ಪೊಲೀಸಿನವರ ಭಯಕ್ಕೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಕೈ ಅಡ್ಡ ಹಾಕಿದವರಿಗೆ ತೋರಿಸುವ ಹಾಗೆ ಡಬ್ಲಿನ್‌ನಲ್ಲೂ ತೋರಿಸಬೇಕಾದೀತು ಅನ್ನುವ ಲೆಕ್ಕ. ನಿಜ ಹೇಳಬೇಕೆಂದರೆ, ನಮ್ಮ ಸ್ಮಾರ್ಟ್ ಕಾರ್ಡ್ ಡಿ.ಎಲ್. ಇಂಗ್ಲಿಷಿನಲ್ಲೇ ಇರುವುದರಿಂದ ಬ್ರಿಟನ್ನು, ಐರ್ಲೆಂಡುಗಳಲ್ಲಿ ಪ್ರವಾಸಿಗರಿಗೆ ಅದೇ ನಡೆಯುತ್ತದೆ. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳವರೆಗೆ ಓಡಿಸಬಹುದು. ಕ್ಯಾಲಿಫೋರ್ನಿಯವೂ ಪ್ರವಾಸಿಗರ ಸ್ವಂತ ದೇಶದ ಲೈಸೆನ್ಸನ್ನು ಒಪ್ಪುತ್ತದೆ. ಪುಸ್ತಕದ ಬೆಲೆ ಗೊತ್ತಾಗುವುದು ಏನಾದರೂ ಗುದ್ದಿಕೊಂಡ ಮೇಲೆ, ವಿಮೆ ಕಂಪನಿಯವರು ಕ್ಲೇಮು ಫಾರಂ ಕೈಗೆ ತೆಗೆದುಕೊಂಡಾಗ. ಅವರು ಕೇಳುವ ಮೊದಲ ಪ್ರಶ್ನೆ, ಓಡಿಸುತ್ತಿದ್ದವರಿಗೆ ಆ ದೇಶದ ಕಾನೂನಿನ ಪ್ರಕಾರ ಓಡಿಸುವ ಹಕ್ಕು ಇತ್ತೋ ಇಲ್ಲವೋ. ಇರಲಿಲ್ಲ ಎಂದಾದರೆ ಮಿಕ್ಕ ಕಾಗದಗಳನ್ನು ಅವರು ತಿರುಗಿಸಿಯೂ ನೋಡುವುದಿಲ್ಲ.

ವಿಯೆಟ್ನಾಂ ಇದಕ್ಕೆ ಒಳ್ಳೆಯ ಉದಾಹರಣೆ. ಈಚೆಗೆ ನಮ್ಮ ಹುಡುಗರು ಗುಂಪು ಗುಂಪಾಗಿ ಹೋಗುತ್ತಿರುವ ದೇಶ ಅದು. ಹೋಟೆಲಿನ ಪಕ್ಕದಲ್ಲೇ ಸ್ಕೂಟರು ಬಾಡಿಗೆಗೆ ಕೊಡುತ್ತಾರೆ, ಲೈಸೆನ್ಸು ಕೇಳುವವರೂ ಕಮ್ಮಿ. ಜಗತ್ತಿನಲ್ಲಿ ರಸ್ತೆ ಸಂಚಾರಕ್ಕೆ ಎರಡು ದೊಡ್ಡ ಒಪ್ಪಂದಗಳಿವೆ: 1949ರ ಜಿನೀವಾ ಒಪ್ಪಂದ, 1968ರ ವಿಯೆನ್ನಾ ಒಪ್ಪಂದ. ದೇವನಹಳ್ಳಿಯಲ್ಲಿ ನಮಗೆ ಸಿಗುವ ಐಡಿಪಿ ಮೊದಲನೆಯದರ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು ಎರಡನೆಯದರ ಪ್ರಕಾರದ್ದನ್ನು. ಅಂದರೆ ಸಾವಿರ ರೂಪಾಯಿ ಕೊಟ್ಟು ಮಾಡಿಸಿದ ಪುಸ್ತಕ ಜೇಬಿನಲ್ಲಿದ್ದರೂ ಅಲ್ಲಿನ ಕಾನೂನಿನ ಕಣ್ಣಿಗೆ ನೀವು ಲೈಸೆನ್ಸಿಲ್ಲದ ಸವಾರ. ಬಿದ್ದು ಕಾಲು ಮುರಿದುಕೊಂಡರೆ, ಇಲ್ಲಿಂದ ಮಾಡಿಸಿಕೊಂಡು ಹೋದ ಟ್ರಾವೆಲ್ ಇನ್ಶೂರೆನ್ಸಿನವರು ಆಸ್ಪತ್ರೆ ಬಿಲ್ಲಿಗೆ ತಕರಾರು ತೆಗೆಯಲು ಅಷ್ಟು ಸಾಕು. ಜಪಾನಿನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ 1949ರ ಮಾದರಿಯೇ ಬೇಕು. ನಮ್ಮ ಪುಸ್ತಕ ನಡೆಯುತ್ತದೆ, ಬರೀ ಡಿ.ಎಲ್. ನಡೆಯುವುದಿಲ್ಲ. ರಸ್ತೆಯೂ ನಮ್ಮ ಹಾಗೆ ಎಡಗಡೆ. ಚೀನಾದಲ್ಲಿ ಐಡಿಪಿ ಯಾವುದೇ ಇರಲಿ, ಲೆಕ್ಕಕ್ಕಿಲ್ಲ. ದುಬೈಯಲ್ಲಿ ವಿಸಿಟ್ ವೀಸಾದವರು ಐಡಿಪಿ ತೋರಿಸಿ ಬಾಡಿಗೆ ಕಾರು ಪಡೆಯಬಹುದು. ಅಲ್ಲೇ ಕೆಲಸಕ್ಕಿರುವ ತಮ್ಮನಿಗೆ ರೆಸಿಡೆನ್ಸ್ ವೀಸಾ ಬಂದ ಮೇಲೆ ಅದೇ ಪುಸ್ತಕ ಹಿಡಿದು ಓಡಿಸುವಂತಿಲ್ಲ, ಅಲ್ಲಿನ ಲೈಸೆನ್ಸೇ ತೆಗೆದುಕೊಳ್ಳಬೇಕು. ಒಂದೇ ಮನೆಯ ಇಬ್ಬರು, ಒಂದೇ ಕಾರು, ಹಕ್ಕು ಒಬ್ಬನಿಗೆ ಮಾತ್ರ.

ಇದರ ನಡುವೆ ಇಂಟರ್‌ನೆಟ್ಟಿನಲ್ಲಿ ‘ಮೂರು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್, ಮನೆ ಬಾಗಿಲಿಗೆ’ ಎಂದು ಮಾರುವವರಿದ್ದಾರೆ. 1949ರ ಒಪ್ಪಂದದ ಪುಸ್ತಕಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಆಯಸ್ಸಿಲ್ಲ. ಭಾರತದ ಡಿ.ಎಲ್.ಗೆ ಭಾರತವೇ ಐಡಿಪಿ ಕೊಡಬೇಕು. ಈ ಎರಡು ಮಾತು ನೆನಪಿದ್ದರೆ ಸಾಕು, ಅಂಥವರ ಅಂಗಡಿ ಗುರುತು ಹಿಡಿಯಬಹುದು.

ಇನ್ನು ಬಾಡಿಗೆ ಕಾರಿನ ಕೌಂಟರು. ನಮ್ಮ ಸೀಮೆಯ ಜನಕ್ಕೆ ಅಲ್ಲಿ ಎದುರಾಗುವ ಕಷ್ಟ ಬೆಂಗಳೂರಿನ ಸಾಫ್ಟ್‌ವೇರಿನವರಿಗೆ ಅರ್ಥವಾಗದು. ದೇವನಹಳ್ಳಿ ತಾಲ್ಲೂಕಿನಲ್ಲಿ ಜಮೀನು ಕೊಟ್ಟು ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಇಟ್ಟವರಿದ್ದಾರೆ, ಆದರೆ ಹೆಸರಿಗೆ ಒಂದು ಕ್ರೆಡಿಟ್ ಕಾರ್ಡು ಇರುವುದಿಲ್ಲ. ಸಾಲದ ಕಾರ್ಡು ಯಾಕೆ, ನಮ್ಮ ಹತ್ತಿರ ದುಡ್ಡಿಲ್ಲವಾ ಅನ್ನುವ ಮರ್ಯಾದೆಯ ಪ್ರಶ್ನೆ ಅದು. ವಿದೇಶದ ಬಾಡಿಗೆ ಕಂಪನಿಗಳಿಗೆ ಬೇಕಾಗುವುದೇ ಕ್ರೆಡಿಟ್ ಕಾರ್ಡು, ಅದೂ ಓಡಿಸುವವರ ಸ್ವಂತ ಹೆಸರಿನದು. ಡಿಪಾಸಿಟ್ಟಿನ ಮೊತ್ತವನ್ನು ಅದರಲ್ಲಿ ತಡೆಹಿಡಿದಿಟ್ಟುಕೊಳ್ಳುತ್ತಾರೆ. ಡೆಬಿಟ್ ಕಾರ್ಡು, ಫಾರೆಕ್ಸ್ ಕಾರ್ಡುಗಳನ್ನು ಎಷ್ಟೋ ಕಡೆ ಮುಟ್ಟುವುದೇ ಇಲ್ಲ. ಮಗನ ಕಾರ್ಡು ಕೊಡುತ್ತೇನೆಂದರೆ ಕಾರು ಮಗನ ಹೆಸರಿಗೆ ಹೋಗುತ್ತದೆ. ಆಗ ಅಪ್ಪ ಸ್ಟೀರಿಂಗು ಹಿಡಿಯಬೇಕಾದರೆ ‘ಹೆಚ್ಚುವರಿ ಚಾಲಕ’ ಎಂದು ಬರೆಸಿ, ಬೇರೆ ದುಡ್ಡು ಕಟ್ಟಬೇಕು. ಬರೆಸದೆ “ಸ್ವಲ್ಪ ದೂರ ನಾನೂ ಓಡಿಸ್ತೀನಿ ಕೊಡೋ” ಎಂದು ಹಿಡಿದ ಆ ಸ್ವಲ್ಪ ದೂರದಲ್ಲಿ ಅಪಘಾತವಾದರೆ ವಿಮೆ ಪೂರ್ತಿ ಕೈ ಬಿಡುತ್ತದೆ. ಇಪ್ಪತ್ತೈದು ದಾಟದವರಿಗೆ ಬಾಡಿಗೆಯ ಮೇಲೆ ಹೆಚ್ಚುವರಿ ಹೇರುವುದೂ ಸಾಮಾನ್ಯ. ಮೊಬೈಲಿನಲ್ಲಿ ಡಿಜಿಲಾಕರ್ ತೆರೆದು ಡಿ.ಎಲ್. ತೋರಿಸುವ ಅಭ್ಯಾಸ ನಮಗೆ ಹತ್ತಿಬಿಟ್ಟಿದೆ. ಅದು ನಮ್ಮ ಗಡಿಯೊಳಗಿನ ಸೌಕರ್ಯ. ಕಾರ್ಡು ಬೀರುವಿನಲ್ಲೇ ಉಳಿದಿದ್ದರೆ ಕೌಂಟರಿನಿಂದ ಬರಿಗೈಲಿ ವಾಪಸ್ಸು.

ವಿಮೆಯ ವಿಷಯಕ್ಕೆ ಬಂದರೆ ನಾವು ಮೋಸ ಹೋಗುವುದು ‘ಫುಲ್ ಇನ್ಶೂರೆನ್ಸ್’ ಅನ್ನುವ ನಂಬಿಕೆಯಿಂದ. ಇಲ್ಲಿ ಬಂಪರ್ ಟು ಬಂಪರ್ ಮಾಡಿಸಿ ರೂಢಿಯಾದವರು ಅಲ್ಲೂ ಹಾಗೇ ಇರುತ್ತದೆಂದುಕೊಳ್ಳುತ್ತಾರೆ. ಯುರೋಪಿನಲ್ಲಿ ಬಾಡಿಗೆಯ ಜೊತೆಗೇ ಥರ್ಡ್ ಪಾರ್ಟಿ ವಿಮೆ ಇರುತ್ತದೆ, ಕಾರಿಗೆ ಆಗುವ ನಷ್ಟಕ್ಕೂ ಒಂದು ರಕ್ಷಣೆ ಇರುತ್ತದೆ. ಆದರೆ ನಷ್ಟದ ಮೊದಲ ಭಾಗ ನಮ್ಮದು. ಅದನ್ನು ಎಕ್ಸೆಸ್ ಅನ್ನುತ್ತಾರೆ. ಸಾವಿರದಿಂದ ಎರಡು ಸಾವಿರ ಯೂರೊ ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಒಂದರಿಂದ ಎರಡು ಲಕ್ಷದ ಆಸುಪಾಸು. ಗಾಜು, ಟೈರು, ಕಾರಿನ ಮೇಲ್ಛಾವಣಿ, ತಳಭಾಗ ಇವುಗಳನ್ನು ಎಷ್ಟೋ ಕಂಪನಿಗಳು ರಕ್ಷಣೆಯಿಂದಲೇ ಹೊರಗಿಟ್ಟಿರುತ್ತವೆ. ಐಸ್‌ಲ್ಯಾಂಡಿನಲ್ಲಿ ಮರಳು-ಬೂದಿ ಗಾಳಿಗೆ ಬಣ್ಣ ಹೋದರೆ ಅದಕ್ಕೇ ಬೇರೆ ವಿಮೆ. ಡೀಸೆಲ್ ಕಾರಿಗೆ ಪೆಟ್ರೋಲು ಹಾಕಿದರಂತೂ ಸಾಮಾನ್ಯವಾಗಿ ಯಾವ ವಿಮೆಯೂ ಬರದು. ವಿಮಾನ ಇಳಿದ ಆಯಾಸದಲ್ಲಿ, ಹಿಂದೆ ಕ್ಯೂ ಬೆಳೆಯುತ್ತಿರುವಾಗ, ಕೌಂಟರಿನವರು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತೇವೆ. ಕಾರು ತೆಗೆದುಕೊಳ್ಳುವಾಗ ನಾಲ್ಕು ಕಡೆಯಿಂದ ವಿಡಿಯೊ ಮಾಡಿಕೊಳ್ಳಲು ನಾಚಿಕೆ ಬೇರೆ. ಇಲ್ಲಿ ಬಾಡಿಗೆ ಟ್ರ್ಯಾಕ್ಟರು ತಂದರೂ ಟೈರು ಒದ್ದು ನೋಡುವ ನಾವು ಅಲ್ಲಿ ದೊಡ್ಡ ಮನುಷ್ಯರಾಗಿಬಿಡುತ್ತೇವೆ.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಹೆದರಬೇಕಾದದ್ದು ಕಾರಿನ ಗೀರಿಗಲ್ಲ, ಎದುರಿನವರಿಗೆ ಆಗುವ ಗಾಯಕ್ಕೆ. ನಮ್ಮಲ್ಲಿ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಸಾವು-ನೋವಿನ ಪರಿಹಾರವನ್ನು ನ್ಯಾಯಮಂಡಳಿ ಹೇಳಿದಷ್ಟು ವಿಮೆ ಕಂಪನಿ ಕಟ್ಟುವುದು ರೂಢಿ. ಅಲ್ಲಿ ಪ್ರತಿ ರಾಜ್ಯವೂ ಒಂದು ಕನಿಷ್ಠ ಮೊತ್ತ ಗೊತ್ತುಮಾಡಿದೆ. ಕ್ಯಾಲಿಫೋರ್ನಿಯದಲ್ಲಿ ಒಬ್ಬರ ಗಾಯಕ್ಕೆ ಬಹಳ ವರ್ಷ ಅದು 15,000 ಡಾಲರ್ ಇತ್ತು, 2025ರ ಜನವರಿ 1ರಿಂದ 30,000 ಆಗಿದೆ. ಅಲ್ಲಿನ ಆಸ್ಪತ್ರೆ ದರ ಬಲ್ಲವರಿಗೆ ಇದು ಎಷ್ಟು ದಿನಕ್ಕೆ ಬರುತ್ತದೆಂದು ಹೇಳಬೇಕಾಗಿಲ್ಲ. ಮಿಕ್ಕದ್ದು ಓಡಿಸಿದವರ ತಲೆಗೆ. ಹೀಗಾಗಿ ಅಮೆರಿಕದಲ್ಲಿ ಕಾರಿನ ರಕ್ಷಣೆಗಿಂತ ಮೊದಲು ಹೆಚ್ಚುವರಿ ಹೊಣೆಗಾರಿಕೆಯ ವಿಮೆ ಕೇಳಿ ಪಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗನ ಸ್ವಂತ ಕಾರು ಓಡಿಸುವವರಿಗೂ ಒಂದು ಮಾತು: ಒಂದೆರಡು ದಿನ ಅಂಗಡಿಗೆ ಹೋಗಿ ಬರುವುದನ್ನು ಹೆಚ್ಚಿನ ಪಾಲಿಸಿಗಳು ಒಪ್ಪುತ್ತವೆ. ಆರು ತಿಂಗಳು ಅದೇ ಮನೆಯಲ್ಲಿದ್ದು ಓಡಿಸುವುದಾದರೆ ಪಾಲಿಸಿಯಲ್ಲಿ ಅಪ್ಪನ ಹೆಸರೂ ಸೇರಿರಬೇಕು. ಮಗ ಸಂಕೋಚಕ್ಕೆ ಹೇಳುವುದಿಲ್ಲ, ಅಪ್ಪನೇ ಕೇಳಬೇಕು.

ದಂಡದ್ದು ಇನ್ನೊಂದು ತಮಾಷೆ. ಇಟಲಿಯ ಹಳೆಯ ಪಟ್ಟಣಗಳ ನಡುಭಾಗಕ್ಕೆ ಹೊರಗಿನ ಕಾರು ಹೋಗುವಂತಿಲ್ಲ. ತಡೆಯುವವರು ಯಾರೂ ಇರುವುದಿಲ್ಲ, ಕ್ಯಾಮೆರಾ ಮಾತ್ರ ಇರುತ್ತದೆ. ಹೊರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನದ ಅವಕಾಶವಿದೆ. 2014ರಲ್ಲಿ ಬಿಜಾಪುರವೂ ವಿಜಯಪುರವಾದ ಮೇಲೆ ನಮ್ಮೂರಿನ ಟಪಾಲಿಗೆ ಪಿನ್ ಕೋಡೇ ದಿಕ್ಕು. ಅದು ತಪ್ಪಿದರೆ ಇಟಲಿಯ ನೋಟಿಸು ಗೋಳಗುಮ್ಮಟ ನೋಡಿಕೊಂಡು ಬರಬೇಕು. ಬಾಡಿಗೆ ಕಂಪನಿಯಂತೂ ಟಪಾಲಿಗೆ ಕಾಯುವುದಿಲ್ಲ. ನಿಮ್ಮ ವಿಳಾಸವನ್ನು ಅಲ್ಲಿನವರಿಗೆ ಕೊಟ್ಟದ್ದಕ್ಕೆ ತನ್ನ ಶುಲ್ಕವನ್ನು ಕಾರ್ಡಿನಿಂದ ನೇರ ಎಳೆದುಕೊಳ್ಳುತ್ತದೆ.

ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ಧೈರ್ಯವಾಗಿರುವವರು ಪಾಲಿಸಿಯ ಹೊಣೆಗಾರಿಕೆಯ ಭಾಗವನ್ನೊಮ್ಮೆ ಓದಬೇಕು. ವೈಯಕ್ತಿಕ ಹೊಣೆಗಾರಿಕೆಗೆ ಇಷ್ಟು ಡಾಲರ್ ಎಂದು ದಪ್ಪಕ್ಷರದಲ್ಲಿರುತ್ತದೆ, ಮೋಟಾರು ವಾಹನದಿಂದ ಆದದ್ದು ಇದಕ್ಕೆ ಸೇರದು ಎಂದು ಸಣ್ಣಕ್ಷರದಲ್ಲಿರುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೊ ವಿಮೆಯೂ ಚಿಕಿತ್ಸೆ ಮತ್ತು ವಾಪಸು ಕಳಿಸುವ ಖರ್ಚಿನದು, ಕಾರಿನದಲ್ಲ. ಬಾಡಿಗೆ ಕಾರಿನ ಎಕ್ಸೆಸ್ ತುಂಬಿಕೊಡುವ ಸೌಲಭ್ಯ ಕೆಲವು ಪಾಲಿಸಿಗಳಲ್ಲಿ ಇದೆ, ಕೇಳಿ ಹಾಕಿಸಿಕೊಳ್ಳಬೇಕು. ಸಾಧ್ಯವಿದ್ದಷ್ಟನ್ನೂ ಇಲ್ಲೇ ಕೊಳ್ಳುವುದು ಜಾಣತನ ಅನ್ನುವುದಕ್ಕೆ ನನಗೊಂದು ಕಾರಣವಿದೆ. ಇಲ್ಲಿ ಕೊಂಡ ಪಾಲಿಸಿಯ ಕ್ಲೇಮನ್ನು ತಳ್ಳಿಹಾಕಿದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ವಕೀಲರು ಬೇಡ, ಶುಲ್ಕವೂ ಇಲ್ಲ, ವರ್ಷದೊಳಗೆ ದೂರು ಕೊಡಬೇಕು ಅಷ್ಟೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲೂಬಹುದು. ಮಿಲಾನಿನ ಕೌಂಟರಿನಲ್ಲಿ ಸಹಿ ಮಾಡಿ ಕೊಂಡ ವಿಮೆಗೆ ವಿಜಯಪುರದಲ್ಲಿ ಕೂತು ಯಾರ ಮೇಲೆ ದಾವೆ ಹೂಡುತ್ತೀರಿ?

ಇದಿಷ್ಟನ್ನೂ ಜನ ತಾವಾಗಿಯೇ ಓದಿ ತಿಳಿಯಲಿ ಎಂದು ಬಿಡುವುದು ನನಗೆ ಸರಿಯೆನಿಸುವುದಿಲ್ಲ. ಐಡಿಪಿ ಕೊಡುವಾಗ ಇನ್ನೊಂದು ಪರೀಕ್ಷೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಅದು ಇನ್ನೊಂದು ಮಾಮೂಲಿಗೆ ದಾರಿಯಾದೀತು. ಪುಸ್ತಕದ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಈ ಪುಸ್ತಕ ನಡೆಯದ ದೇಶಗಳು ಯಾವುವು, ವೀಸಾ ಬದಲಾದರೆ ಏನಾಗುತ್ತದೆ, ಬೇರೆಯವರ ಹೆಸರಿನ ಕಾರು ಓಡಿಸಿದರೆ ವಿಮೆ ಏನಾಗುತ್ತದೆ, ಅಪಘಾತವಾದರೆ ಪೊಲೀಸ್ ವರದಿ ಪಡೆಯದೆ ಜಾಗ ಬಿಡಬಾರದು, ಇಷ್ಟು ಅದರಲ್ಲಿದ್ದರೆ ಸಾಕು. ಅರ್ಜಿದಾರರ ಮೊಬೈಲ್ ನಂಬರು ಹೇಗೂ ಸಾರಥಿಯಲ್ಲಿ ಇರುತ್ತದೆ, ಅಚ್ಚು ಹಾಕಿಸುವುದು ಕಷ್ಟವೆಂದರೆ ಸಂದೇಶವಾಗಿ ಕಳಿಸಲಿ. ಬೇಸಿಗೆ ರಜೆಗೆ ಹೊರಡುವವರ ಅರ್ಜಿಗಳು ಬರುವ ಮುಂಚೆ ದೇವನಹಳ್ಳಿ ಕಚೇರಿಯೇ ಇದನ್ನು ಶುರು ಮಾಡಬಹುದು. ವಿಮಾನ ನಿಲ್ದಾಣವಂತೂ ಅದರ ತಾಲ್ಲೂಕಿನಲ್ಲೇ ಇದೆ.