ರೈಟ್ ಆಫ್ ಬೇರೆ, ಮನ್ನಾ ಬೇರೆ

ಮಕ್ಕಳೇ, ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಲದ ಕಥೆಯೊಂದಿದೆ. ಸೇವಕನೊಬ್ಬ ರಾಜನಿಗೆ 10,000 ತಲಾಂತು ಕೊಡಬೇಕಿತ್ತು. ಕಾಲಿಗೆ ಬಿದ್ದು ಬೇಡಿಕೊಂಡಾಗ ರಾಜ ಅಷ್ಟನ್ನೂ ಮನ್ನಾ ಮಾಡಿದ. ಹೊರಗೆ ಬಂದ ಸೇವಕನಿಗೆ, 100 ದಿನಾರಿ ಬಾಕಿ ಇದ್ದ ಜೊತೆಗಾರ ಸಿಕ್ಕಿದ. ಅವನ ಕತ್ತು ಹಿಡಿದು ಸೆರೆಮನೆಗೆ ಹಾಕಿಸಿದ. ಸುದ್ದಿ ಕೇಳಿದ ರಾಜ, ಸೇವಕನನ್ನೂ ಸೆರೆಗೆ ಒಪ್ಪಿಸಿದ.

ಬ್ಯಾಂಕಿನಲ್ಲಿ ದುಡಿದವನಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಒಂದು ದಿನಾರಿ ಎಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ರಾಜ ಬಿಟ್ಟದ್ದು 6 ಕೋಟಿ ದಿನಗಳ ಕೂಲಿ. ಸೇವಕ ಬಿಡಲಾರದೆ ಹೋದದ್ದು 100 ದಿನಗಳದ್ದು!

ಬ್ಯಾಂಕಿನಲ್ಲಿ ಸಾಲ ರೈಟ್ ಆಫ್ ಆದರೂ ವಸೂಲಿ ನಿಲ್ಲುವುದಿಲ್ಲ. ಮನ್ನಾ ಆದರೆ ಮತ್ತೆ ಕೇಳುವಂತಿಲ್ಲ. ನಾವು ಕ್ರೈಸ್ತರು ದೇವರ ಕೃಪೆ ಎನ್ನುವುದು ಈ ಎರಡನೆಯದನ್ನು. ಆದರೆ ಮನೆಯಲ್ಲಿ 'ಹೋಗಲಿ ಬಿಡು' ಎಂದವರೇ ಜಯನಗರದ ಪಾರ್ಕಿನ ಬೆಂಚಿನಲ್ಲಿ ಕೂತು, ಅದೇ ತಮ್ಮನ, ಅದೇ ಸೊಸೆಯ ತಪ್ಪನ್ನು ದಿನವೂ ಎಣಿಸುವುದುಂಟು. ಅದು ರೈಟ್ ಆಫ್ ಅಷ್ಟೇ. ವಸೂಲಿ ನಡೆದೇ ಇದೆ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ 40 ದಿನ ನಮಗೆ ಆತ್ಮಶೋಧನೆಯ ಸಮಯ. ಇತರರ ಬಾಕಿಯ ಪುಟ ತೆರೆಯುವ ಮೊದಲು, ನಮಗೆ ಮನ್ನಾ ಆದದ್ದೆಷ್ಟು ಎಂಬ ಪುಟ ನೋಡಬೇಕು. ಅಮ್ಮ ನಿಮಗೆ ಎಷ್ಟು ಸಲ ಬಿಟ್ಟುಕೊಟ್ಟಿದ್ದಾರೆ, ಲೆಕ್ಕ ಹಾಕಿ. ಆಮೇಲೆ ತಂಗಿ ಮುರಿದ ಪೆನ್ಸಿಲ್ ವಿಚಾರಣೆಗೆ ಕೂರಿ.